ಹೂವು ಬರೆದ ಬಾಗಿಲು: ನೋವಾ ಸ್ಕೋಷಿಯಾದಲ್ಲಿ ಐದು ದಿನ

ಮೊದಲ ದಿನ: ಹ್ಯಾಲಿಫ್ಯಾಕ್ಸ್

ಮನೆಯೊಳಗೊಂದು ಮನೆ ಇರುವುದನ್ನು ಅಮ್ಮ ಅದುವರೆಗೆ ಕಂಡಿರಲಿಲ್ಲ. ಹ್ಯಾಲಿಫ್ಯಾಕ್ಸ್ ಪೇಟೆಯ ಹಾಲಿಸ್ ರಸ್ತೆಯಲ್ಲಿ ಹಳೆಯ ಕಲ್ಲಿನ ಕಟ್ಟಡವೊಂದಿದೆ. ಅದೇ ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ಕಲಾ ಗ್ಯಾಲರಿ. ಅದರೊಳಗೆ, ದೀಪಗಳ ಕೆಳಗೆ, ಒಂದು ಇಡೀ ಮನೆ ನಿಂತಿದೆ. ಇಡೀ ಮನೆ ಎಂದರೂ ಸುಮಾರು 4 ಮೀಟರ್ ಉದ್ದ, ಹೆಚ್ಚುಕಡಿಮೆ ಅಷ್ಟೇ ಅಗಲ.

"ನಮ್ಮ ಕೊಟ್ಟಿಗೆ ಇದಕ್ಕಿಂತ ದೊಡ್ಡದಿತ್ತಲ್ಲೇ," ಎಂದರು ಅಮ್ಮ. ಆಮೇಲೆ ಬಾಗಿಲನ್ನು ನೋಡಿ ಸುಮ್ಮನಾದರು. ಬಾಗಿಲ ತುಂಬ ಹೂವು, ಹಕ್ಕಿ, ಚಿಟ್ಟೆ. ಕಿಟಕಿಯ ಗಾಜಿನ ಮೇಲೆ ಟ್ಯುಲಿಪ್ ಹೂಗಳು. ಒಲೆಯ ಮೇಲೂ ಹೂವು, ಬ್ರೆಡ್ ಡಬ್ಬಿಯ ಮೇಲೂ ಹೂವು, ಕಸ ಎತ್ತುವ ಮೊರದ ಮೇಲೂ ಹೂವು. ಅಟ್ಟಕ್ಕೆ ಹತ್ತುವ ಕಡಿದಾದ ಮೆಟ್ಟಿಲುಗಳನ್ನೂ ಬಿಟ್ಟಿಲ್ಲ.

ಈ ಮನೆಯಲ್ಲಿ ಮೌಡ್ ಲೂಯಿಸ್ ಎಂಬ ಚಿತ್ರಕಾರ್ತಿ 1938ರಿಂದ 1970ರವರೆಗೆ, ಸಾಯುವ ತನಕ, ಬದುಕಿದರು. ವಿದ್ಯುತ್ ಇರಲಿಲ್ಲ, ನಲ್ಲಿ ನೀರಿರಲಿಲ್ಲ. ಬಾಲ್ಯದಿಂದಲೇ ಸಂಧಿವಾತ. ಗದ್ದ ಎದೆಗೆ ಅಂಟಿಕೊಂಡಂತಿತ್ತು, ಬೆರಳುಗಳು ಗಂಟುಕಟ್ಟಿ ಮಡಚಿಹೋಗಿದ್ದವು. ಕಿಟಕಿಯ ಪಕ್ಕದ ಮೂಲೆಯಲ್ಲಿ ಕೂತು, ಹಲಗೆಯ ತುಂಡುಗಳ ಮೇಲೆ, ಗಂಡ ಹುಡುಕಿ ತಂದ ದೋಣಿಯ ಬಣ್ಣದಿಂದ ಬರೆಯುತ್ತಿದ್ದರು. ಬಣ್ಣ ಹಾಕಿಟ್ಟುಕೊಳ್ಳುವುದು ಖಾಲಿಯಾದ ಮೀನಿನ ಡಬ್ಬಿಯಲ್ಲಿ. ರಸ್ತೆಯಲ್ಲಿ ಹೋಗುವವರು ಬೋರ್ಡು ನೋಡಿ ಗಾಡಿ ನಿಲ್ಲಿಸಿ, ಎರಡು ಮೂರು ಡಾಲರಿಗೆ, ಕೊನೆಗೊನೆಗೆ ಐದು, ಹತ್ತು ಡಾಲರಿಗೆ ಒಂದೊಂದು ಚಿತ್ರ ಒಯ್ಯುತ್ತಿದ್ದರು. 2022ರಲ್ಲಿ ಅವರ ಒಂದು ಚಿತ್ರ, ಕಪ್ಪು ಟ್ರಕ್ಕಿನದು, ಹರಾಜಿನಲ್ಲಿ 3,50,000 ಕೆನಡಾ ಡಾಲರಿಗೆ ಹೋಯಿತು. ಅದನ್ನು ಅಮ್ಮನಿಗೆ ಹೇಳಿದೆ. ಹೇಳಬಾರದಿತ್ತು ಅನ್ನಿಸಿತು. ಅವರು ಒಲೆಯ ಕಡೆಗೇ ನೋಡುತ್ತಾ, "ಈ ಹೆಂಗಸಿಗೆ ಚಳಿಗಾಲದಲ್ಲಿ ಸೌದೆ ಯಾರು ಒಡೆದು ಕೊಡುತ್ತಿದ್ದರು?" ಎಂದು ಕೇಳಿದರು.

ಅಮ್ಮ ಕುಮಟಾದ ಕಡೆಯಿಂದ ಆರು ತಿಂಗಳಿಗೆಂದು ನನ್ನಲ್ಲಿಗೆ, ಟೊರಾಂಟೊ ಹತ್ತಿರದ ಮನೆಗೆ, ಬಂದಿದ್ದರು. ಸರೋವರವನ್ನು ಎಷ್ಟು ತೋರಿಸಿದರೂ "ಉಪ್ಪಿನ ವಾಸನೆ ಇಲ್ಲವಲ್ಲ" ಎನ್ನುತ್ತಿದ್ದರು. ಹಾಗಾಗಿ ಸೆಪ್ಟೆಂಬರಿನಲ್ಲಿ ಪೂರ್ವದ ಕಡಲಿಗೆ ಹೊರಟೆವು. ನನಗೆ ಇನ್ನೊಂದು ಆಸೆಯೂ ಇತ್ತು. ಈ ಪ್ರಾಂತ್ಯದ ಚಿತ್ರಕಾರರನ್ನು ಕ್ಯಾಲೆಂಡರುಗಳಲ್ಲಿ, ಅಂಚೆಚೀಟಿಗಳಲ್ಲಿ ನೋಡಿದ್ದೆ. ಚಿತ್ರದಲ್ಲಿ ಇರುವುದನ್ನು ಎಲ್ಲಿದ್ದರೂ ನೋಡಬಹುದು. ಚಿತ್ರಕಾರರು ಬಿಟ್ಟದ್ದೇನು ಎಂದು ತಿಳಿಯಬೇಕಾದರೆ ಅವರ ಊರಿಗೇ ಹೋಗಬೇಕು ಎಂದು ನಾನು ನಂಬಿದ್ದೇನೆ.

ಮಧ್ಯಾಹ್ನ ಬಂದರಿನ ಕಡೆ ನಡೆದೆವು. ಈ ನಗರದ ಕಲಾಶಾಲೆ 1887ರಲ್ಲಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣೋತ್ಸವದ ವರ್ಷ, ಶುರುವಾದದ್ದು. ಶುರುಮಾಡಿದವರಲ್ಲಿ ಮುಂದೆ ನಿಂತವರು ಆನಾ ಲಿಯೋನೊವೆನ್ಸ್, ಸಯಾಮಿನ, ಈಗಿನ ಥಾಯ್ಲೆಂಡಿನ, ಅರಮನೆಯಲ್ಲಿ ಪಾಠ ಹೇಳಿದ ಆ ಶಿಕ್ಷಕಿಯೇ. ಅವರು ಹುಟ್ಟಿದ್ದು ನಮ್ಮ ಅಹಮದ್‌ನಗರದಲ್ಲಿ. ಮುಂದೆ ಅದೇ ಶಾಲೆಗೆ 1916ರಲ್ಲಿ ಪ್ರಾಂಶುಪಾಲರಾಗಿ ಬಂದವರು ಆರ್ಥರ್ ಲಿಸ್ಮರ್, ಆಮೇಲೆ 'ಗ್ರೂಪ್ ಆಫ್ ಸೆವೆನ್' ಎಂದು ಹೆಸರಾದ ಚಿತ್ರಕಾರರ ಬಳಗದವರು. ಅವರು ಇಲ್ಲಿದ್ದಾಗಲೇ, 1917ರ ಡಿಸೆಂಬರ್ 6ರ ಬೆಳಿಗ್ಗೆ, ಸ್ಫೋಟಕ ತುಂಬಿದ್ದ ಮಾಂಟ್ ಬ್ಲಾಂಕ್ ಎಂಬ ಹಡಗು ಇನ್ನೊಂದು ಹಡಗಿಗೆ ತಾಗಿ ಈ ಬಂದರಿನಲ್ಲಿ ಸಿಡಿಯಿತು. ಸುಮಾರು 2,000 ಜನ ಸತ್ತರು, 9,000 ಜನ ಗಾಯಗೊಂಡರು. ನಗರದ ಉತ್ತರ ಭಾಗ ನೆಲಸಮವಾಯಿತು. ಲಿಸ್ಮರ್ ಆ ಅವಶೇಷಗಳನ್ನು ರೇಖೆಗಳಲ್ಲಿ ದಾಖಲಿಸಿದರು. ಆದರೆ ಜನ ಹೆಚ್ಚು ಬಲ್ಲದ್ದು ಅವರು ಯುದ್ಧಕಾಲದ ಹಡಗುಗಳನ್ನು ಬರೆದ ಚಿತ್ರಗಳನ್ನು. ಶತ್ರುವಿನ ಕಣ್ಣಿಗೆ ಗಲಿಬಿಲಿಯಾಗಲೆಂದು ಹಡಗುಗಳಿಗೆ ಬಳಿದಿದ್ದ ಕಪ್ಪು ಬಿಳಿ ನೀಲಿ ಪಟ್ಟೆಗಳು ಅಲ್ಲಿ ಹಬ್ಬದ ಅಲಂಕಾರದಂತೆ ಕಾಣುತ್ತವೆ. ಆ ನೀರನ್ನು ನೋಡುತ್ತಾ ನಿಂತಾಗ ಆ ಪಟ್ಟೆಗಳ ಹಿಂದಿನ ಭಯ ನನಗೆ ಮೊದಲ ಸಲ ಅರ್ಥವಾಯಿತು.

ಎರಡನೆಯ ದಿನ: ಪೆಗ್ಗೀಸ್ ಕೋವ್, ಲೂನೆನ್‌ಬರ್ಗ್

ಬೆಳಿಗ್ಗೆ ಪೆಗ್ಗೀಸ್ ಕೋವ್ ತಲುಪಿದಾಗ ಮಂಜು ಕವಿದಿತ್ತು. ಪ್ರಸಿದ್ಧ ದೀಪಸ್ತಂಭ ಕಾಣಲೇ ಇಲ್ಲ. ಅದರಿಂದ ನಮಗೆ ಲಾಭವೇ ಆಯಿತು. ಎಲ್ಲರೂ ಬೆನ್ನು ಹಾಕಿ ಹೋಗುವ ಬಂಡೆಯ ಮುಂದೆ ನಾವು ಬಹಳ ಹೊತ್ತು ನಿಂತೆವು. ವಿಲಿಯಂ ಡಿಗಾರ್ತ್ ಫಿನ್ಲೆಂಡಿನಲ್ಲಿ ಹುಟ್ಟಿ ಇಲ್ಲಿಗೆ ಬಂದು ನೆಲೆಸಿದ ಕಡಲ ಚಿತ್ರಕಾರರು. ಎಪ್ಪತ್ತರ ವಯಸ್ಸಿನಲ್ಲಿ, 1977ರ ಸುಮಾರಿಗೆ, ಉಳಿ ಹಿಡಿದು ತಮ್ಮ ಮನೆಯ ಹಿಂದಿನ ಗ್ರಾನೈಟ್ ಬಂಡೆಗೇ ಇಳಿದರು. 30 ಮೀಟರ್ ಉದ್ದದ ಆ ಬಂಡೆಯಲ್ಲಿ 32 ಮೀನುಗಾರರು, ಅವರ ಹೆಂಡತಿ ಮಕ್ಕಳು, ಅವರ ಮೇಲೆ ರೆಕ್ಕೆ ಚಾಚಿದ, ಕಡಲಿಗರನ್ನು ಕಾಯುವ ಸಂತ ಎಲ್ಮೊ. 1983ರಲ್ಲಿ ಡಿಗಾರ್ತ್ ತೀರಿಕೊಂಡಾಗ ಕೆಲಸ ಪೂರ್ತಿಯಾಗಿರಲಿಲ್ಲ. ಅಮ್ಮ ಒದ್ದೆಯಾದ ಕಲ್ಲಿನ ಮೇಲೆ ಕೈಯಿಟ್ಟು, ಬಲೆ ಎಳೆಯುವವರ ತೋಳುಗಳನ್ನು ಒಂದೊಂದಾಗಿ ಮುಟ್ಟಿದರು. "ಸರಿಯಾಗಿ ಎಳೆಯುತ್ತಿದ್ದಾರೆ," ಎಂದರು. ಅಮ್ಮನ ಅಣ್ಣ, ನನ್ನ ಸೋದರಮಾವ, ಎಂಡಿ ಬಲೆ ಎಳೆದು ಬದುಕಿದವರು. ಅಮ್ಮನ ಬಾಯಿಂದ ಬಂದ ಆ ಮಾತಿಗೆ ತೂಕವಿದೆ.

ಲೂನೆನ್‌ಬರ್ಗ್ ಮುಟ್ಟುವ ಹೊತ್ತಿಗೆ ಬಿಸಿಲು. ಕೆಂಪು, ಹಳದಿ, ನೀಲಿ ಮರದ ಮನೆಗಳು ಗುಡ್ಡದಿಂದ ಬಂದರಿಗೆ ಇಳಿಯುತ್ತವೆ. ಬ್ರಿಟಿಷರು 1753ರಲ್ಲಿ ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯ ಪ್ರಾಟೆಸ್ಟೆಂಟ್ ರೈತರನ್ನು ತಂದು ನೆಲೆಗೊಳಿಸಿದ ಊರು ಇದು. ಅವರು ಕ್ರಮೇಣ ಮೀನುಗಾರರಾದರು, ಹಡಗು ಕಟ್ಟಿದರು. ಬ್ಲೂನೋಸ್ ಎಂಬ ಹಾಯಿಹಡಗು 1921ರಲ್ಲಿ ನೀರಿಗಿಳಿದದ್ದು ಇಲ್ಲೇ. ಕೆನಡಾದ 10 ಸೆಂಟ್ ನಾಣ್ಯದ ಮೇಲೆ 1937ರಿಂದ ಇರುವ ಹಡಗನ್ನು ಈ ಊರಿನವರು ಬ್ಲೂನೋಸ್ ಎಂದೇ ಕರೆಯುತ್ತಾರೆ.

ನಾನು ಇಲ್ಲಿಗೆ ಬಂದದ್ದು ಅರ್ಲ್ ಬೈಲಿಯವರ ಸಲುವಾಗಿ. 1903ರಲ್ಲಿ ಹುಟ್ಟಿದವರು. ಮಗುವಾಗಿದ್ದಾಗಲೇ ಪೋಲಿಯೊ ಬಡಿದು ಕೈಕಾಲು ಹೋದವು. ಹಲ್ಲುಗಳ ನಡುವೆ ಕುಂಚ ಕಚ್ಚಿ ಈ ಬಂದರು, ಈ ಧಕ್ಕೆ, ಈ ಹಾಯಿಹಡಗುಗಳನ್ನು ಜೀವಮಾನವಿಡೀ ಬರೆದರು. ಆ ಹಡಗುಗಳಲ್ಲಿ ಹೋಗಿ ದುಡಿಯುವುದು ಅವರಿಗೆ ಸಾಧ್ಯವಿರಲಿಲ್ಲ. ಆದರೆ ಹೋದವರಲ್ಲಿ ಎಷ್ಟು ಮಂದಿ ಮರಳಲಿಲ್ಲ ಎಂಬುದು ಧಕ್ಕೆಯ ಬಳಿಯ ಸ್ಮಾರಕದಲ್ಲಿದೆ. ದಿಕ್ಸೂಚಿಯ ಆಕಾರದಲ್ಲಿ ನಿಂತ ಕರಿ ಗ್ರಾನೈಟ್ ಕಂಬಗಳ ಮೇಲೆ 1890ರಿಂದ ಕಡಲ ಪಾಲಾದವರ ಹೆಸರುಗಳು. 1926, 1927ರ ಆಗಸ್ಟ್ ಬಿರುಗಾಳಿಗಳ ಕಡೆ ಬಂದಾಗ ಒಂದೇ ಮನೆತನದ ಹೆಸರುಗಳು ಒಂದರ ಕೆಳಗೊಂದು. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೂ ಒಂದೇ ಅಕ್ಷರಗಳು ಮತ್ತೆ ಮತ್ತೆ ಬರುವುದನ್ನು ಬೆರಳಿಟ್ಟು ತೋರಿಸಿ, "ಅಣ್ಣತಮ್ಮಂದಿರಾ?" ಎಂದು ಕೇಳಿದರು.

ಮೂರನೆಯ ದಿನ: ಬ್ರಿಜ್‌ವಾಟರ್, ಗ್ರಾಂ ಪ್ರೇ, ವುಲ್ಫ್‌ವಿಲ್

ದಾರಿ ಸುತ್ತಾದರೂ ಬ್ರಿಜ್‌ವಾಟರ್ ಮೇಲೆ ಹೋದೆವು. ಅಲ್ಲಿಯ ಡೆಸ್‌ಬ್ರಿಸೆ ವಸ್ತುಸಂಗ್ರಹಾಲಯದಲ್ಲಿ ಒಂದು ತೊಟ್ಟಿಲಿದೆ. ಮಿಗ್‌ಮಾ ಜನಾಂಗದ ಕ್ರಿಸ್ಟಿಯಾನ್ ಮಾರಿಸ್ 1868ರ ಸುಮಾರಿಗೆ ಮಾಡಿದ್ದು. ಬರ್ಚ್ ಮರದ ತೊಗಟೆಗೆ ಸಣ್ಣ ತೂತು ಚುಚ್ಚಿ, ನೀರಿನಲ್ಲಿ ನೆನೆಸಿ ಬಣ್ಣ ಹಾಕಿದ ಮುಳ್ಳುಹಂದಿಯ ಮುಳ್ಳುಗಳನ್ನು ತೂರಿಸುತ್ತಾರೆ. ತೊಗಟೆ ಒಣಗಿದಂತೆ ಮುಳ್ಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಂಟಿಲ್ಲ, ದಾರವಿಲ್ಲ. ಈ ನೆಲದ ಮೂಲನಿವಾಸಿಗಳು ಬೇಟೆಯ ಕಾಡನ್ನೂ ಮೀನಿನ ಹೊಳೆಯನ್ನೂ ಕಳೆದುಕೊಂಡ ಮೇಲೆ, ವಲಸಿಗರಿಗೆ ಮಾರಿ ಹೊಟ್ಟೆ ಹೊರೆದದ್ದು ಈ ಕೈಕೆಲಸದಿಂದ. ಹ್ಯಾಲಿಫ್ಯಾಕ್ಸ್‌ನ ಚಿತ್ರಕಾರರು ಕ್ರಿಸ್ಟಿಯಾನ್ ಅವರನ್ನು ಎದುರು ಕೂರಿಸಿಕೊಂಡು ಚಿತ್ರ ಬರೆದರು. ಅವರ ಕಣ್ಣಿಗೆ ಆಕೆ ಚಿತ್ರದ ವಸ್ತುವಾಗಿದ್ದರು. ಈ ತೊಟ್ಟಿಲ ಮುಂದೆ ನಿಂತರೆ ಅವರೆಲ್ಲರಿಗಿಂತ ದೊಡ್ಡ ಕಲಾವಿದೆ ಯಾರೆಂದು ನನಗೆ ಸಂದೇಹವೇ ಉಳಿಯಲಿಲ್ಲ.

ಮಧ್ಯಾಹ್ನ ಗ್ರಾಂ ಪ್ರೇ. ಇಲ್ಲಿ ಅಮ್ಮ ನನಗೆ ಗುರುವಾದರು.

ಫಂಡಿ ಕೊಲ್ಲಿಯ ಉಬ್ಬರ ಜಗತ್ತಿನಲ್ಲೇ ಎತ್ತರದ್ದು, ಕೆಲವೆಡೆ 16 ಮೀಟರ್ ಏರುತ್ತದೆ. ಫ್ರೆಂಚ್ ಮೂಲದ ಅಕೇಡಿಯನ್ ರೈತರು 1680ರ ದಶಕದಲ್ಲಿ ಇಲ್ಲಿಗೆ ಬಂದು, ಆ ಉಬ್ಬರದ ಬಾಯಿಂದ ಜೌಗುನೆಲವನ್ನು ಒಡ್ಡು ಕಟ್ಟಿ ಬಿಡಿಸಿಕೊಂಡರು. ಒಡ್ಡಿನ ಅಡಿಯಲ್ಲಿ ಮರದ ತೂಬು. ಅದರೊಳಗೆ ತೂಗಾಡುವ ಒಂದು ಬಾಗಿಲು. ಇಳಿತದಲ್ಲಿ ಒಳಗಿನ ಮಳೆನೀರು ಅದನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ, ಉಬ್ಬರದಲ್ಲಿ ಕಡಲ ನೀರೇ ಅದನ್ನು ಒತ್ತಿ ಮುಚ್ಚುತ್ತದೆ. ಅದಕ್ಕೆ ಅವರ ಮಾತಿನಲ್ಲಿ 'ಅಬುವಾತೊ' ಎಂದು ಹೆಸರು. ನಾನು ಫಲಕ ಓದಿ ವಿವರಿಸಲು ಹೊರಟೆ. ಅಮ್ಮ ಕೈಯೆತ್ತಿ ತಡೆದರು. "ಮೊದಲ ಎರಡು ಮೂರು ವರ್ಷ ಮಳೆಗೆ ಬಿಟ್ಟಿರುತ್ತಾರೆ. ಉಪ್ಪು ತೊಳೆದು ಹೋಗಬೇಕಲ್ಲ. ಆಮೇಲೆ ಬಿತ್ತನೆ." ಫಲಕದಲ್ಲಿಯೂ ಹಾಗೆಯೇ ಇತ್ತು. ಅಘನಾಶಿನಿ ಹೊಳೆಯ ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆದ ಮನೆಯ ಮಗಳಿಗೆ ತೂಬಿನ ಬಾಗಿಲ ಗುಟ್ಟನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಒಡ್ಡು ಒಬ್ಬರಿಂದ ಆಗುವ ಕೆಲಸವಲ್ಲ. ಇಡೀ ಊರು ಬೇಕು," ಎಂದರು. "ಆ ಊರೆಲ್ಲಿ?"

ಆ ಊರನ್ನು 1755ರಲ್ಲಿ ಖಾಲಿ ಮಾಡಿಸಿದರು. ಬ್ರಿಟಿಷ್ ದೊರೆಗೆ ಷರತ್ತಿಲ್ಲದ ನಿಷ್ಠೆಯ ಪ್ರಮಾಣ ಮಾಡಲಿಲ್ಲವೆಂಬುದು ಕಾರಣ. ಸೆಪ್ಟೆಂಬರ್ 5ರಂದು ಕರ್ನಲ್ ಜಾನ್ ವಿನ್ಸ್‌ಲೋ ಗಂಡಸರನ್ನೂ ಹುಡುಗರನ್ನೂ, ಒಟ್ಟು 418 ಮಂದಿಯನ್ನು, ಇಲ್ಲಿಯ ಚರ್ಚಿಗೆ ಕರೆಸಿ, ಭೂಮಿಯೂ ದನಕರುಗಳೂ ದೊರೆಯ ವಶ, ನೀವೆಲ್ಲ ಗಡೀಪಾರು ಎಂದು ಓದಿ ಹೇಳಿದ. ಮುಂದಿನ ವರ್ಷಗಳಲ್ಲಿ ಕೊಲ್ಲಿಯ ಸುತ್ತಲಿಂದ 10,000ಕ್ಕೂ ಹೆಚ್ಚು ಜನರನ್ನು ಹಡಗು ಹತ್ತಿಸಿದರು. ಒಡ್ಡುಗಳು ಮಾತ್ರ ಉಳಿದವು. ನ್ಯೂ ಇಂಗ್ಲೆಂಡಿನಿಂದ ಬಂದವರು ಅವುಗಳ ಹಿಂದೆ ಬೇಸಾಯ ಮುಂದುವರಿಸಿದರು. ಈಗಲೂ ಅಲ್ಲಿ ಹುಲ್ಲು, ಮೆಕ್ಕೆಜೋಳ ಬೆಳೆಯುತ್ತವೆ. 2012ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸ್ಮಾರಕ ಚರ್ಚಿನ ಮುಂದೆ ಇವ್ಯಾಂಜಲೀನಳ ಕಂಚಿನ ಪ್ರತಿಮೆಯಿದೆ. ಅವಳು ಅಮೆರಿಕದ ಕವಿ ಲಾಂಗ್‌ಫೆಲೊ 1847ರಲ್ಲಿ ಕಲ್ಪಿಸಿದ ಹುಡುಗಿ, ಬದುಕಿದ್ದವಳಲ್ಲ. ಪ್ರವಾಸಿಗರು ಅವಳೆದುರು ಫೋಟೊ ತೆಗೆಸಿಕೊಳ್ಳುತ್ತಾರೆ. ನನ್ನನ್ನು ಹೆಚ್ಚು ಹಿಡಿದದ್ದು ಹಾರ್ಟನ್ ಲ್ಯಾಂಡಿಂಗ್‌ನ ಕಬ್ಬಿಣದ ಶಿಲುಬೆ. ಜನರನ್ನು ಹಡಗು ಹತ್ತಿಸಿದ ಜಾಗದಲ್ಲಿ ಅದು ಒಂಟಿಯಾಗಿ ನಿಂತಿದೆ. 1924ರಲ್ಲಿ ಬೇರೆಡೆ ನೆಟ್ಟಿದ್ದನ್ನು 2005ರಲ್ಲಿ ಇಲ್ಲಿಗೆ ತಂದರು. ಅಲೆಕ್ಸ್ ಕಾಲ್ವಿಲ್ 1988ರಲ್ಲಿ ಈ ಶಿಲುಬೆಯನ್ನು ಬರೆದಿದ್ದಾರೆ. ಕುದುರೆಯ ಮೇಲೆ ಹೋಗುತ್ತಿರುವ ಒಬ್ಬ ಹುಡುಗಿ ತಿರುಗಿ ಅದನ್ನು ನೋಡುತ್ತಿದ್ದಾಳೆ. ಅಷ್ಟೇ ಚಿತ್ರ. ಸೈನಿಕರಿಲ್ಲ, ಹಡಗಿಲ್ಲ, ಅಳುವವರಿಲ್ಲ.

ಕಾಲ್ವಿಲ್ ಹುಟ್ಟಿದ್ದು ಟೊರಾಂಟೊದಲ್ಲಿ. ಒಂಬತ್ತನೆಯ ವಯಸ್ಸಿಗೆ ಈ ಪ್ರಾಂತ್ಯದ ಆಮ್‌ಹರ್ಸ್ಟ್‌ಗೆ ಬಂದರು. ಬಂದ ಹೊಸದರಲ್ಲೇ ನ್ಯುಮೋನಿಯಾ ಆಗಿ ತಿಂಗಳುಗಟ್ಟಲೆ ಒಬ್ಬರೇ ಮಲಗಿದ್ದಾಗ ಚಿತ್ರ ಬರೆಯುವುದನ್ನು ರೂಢಿಸಿಕೊಂಡರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಚಿತ್ರಕಾರರಾಗಿ ಹೋಗಿ 1945ರಲ್ಲಿ ಬೆರ್ಗೆನ್ ಬೆಲ್ಸೆನ್ ಸೆರೆಶಿಬಿರದ ಹೆಣಗಳನ್ನು ನೋಡಿ ಬರೆದರು. ಅದಾದ ಮೇಲೆ ಬರೆದದ್ದೆಲ್ಲ ತಮ್ಮ ಸುತ್ತಲಿನದು: ಹೆಂಡತಿ ರೋಡಾ, ನಾಯಿ, ಕುದುರೆ, ರೈಲು ಹಳಿ, ಈ ಒಡ್ಡುಗಳು. ವರ್ಷಕ್ಕೆ ಮೂರೋ ನಾಲ್ಕೋ ಚಿತ್ರ, ಚುಕ್ಕೆ ಚುಕ್ಕೆಯಾಗಿ. 1973ರಿಂದ 2013ರಲ್ಲಿ ತೀರಿಕೊಳ್ಳುವವರೆಗೆ ವುಲ್ಫ್‌ವಿಲ್‌ನಲ್ಲಿ, ರೋಡಾ ಅವರ ತವರುಮನೆಯಲ್ಲೇ ಇದ್ದರು. ಅವರ ಚಿತ್ರಗಳಲ್ಲಿ ಇನ್ನೇನೋ ಆಗಲಿದೆ ಎಂಬ ಉಸಿರು ಬಿಗಿಹಿಡಿದ ಮೌನವಿದೆ. ಇದೇನು ಎಂದು ನಾನು ವರ್ಷಗಟ್ಟಲೆ ಯೋಚಿಸಿದ್ದೆ. ಸಂಜೆ ಒಡ್ಡಿನ ಮೇಲೆ ನಿಂತಾಗ ತಿಳಿಯಿತು. ಒಂದು ಕಡೆ ಹಸುರು ಗದ್ದೆ, ಇನ್ನೊಂದು ಕಡೆ ಅದಕ್ಕಿಂತ ಎತ್ತರಕ್ಕೆ ಏರುತ್ತಿರುವ ಕಂದು ನೀರು, ನಡುವೆ ಮಣ್ಣಿನ ಒಂದು ದಿಬ್ಬ.

ವುಲ್ಫ್‌ವಿಲ್‌ನಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದಕ್ಕೆ ಹೊಕ್ಕೆವು. ಕೆನಡಾ ಒಕ್ಕೂಟಕ್ಕೆ ನೂರು ತುಂಬಿದ 1967ರಲ್ಲಿ ಹೊರಬಂದ ನಾಣ್ಯಗಳು ಗಾಜಿನ ಪೆಟ್ಟಿಗೆಯಲ್ಲಿದ್ದವು. ಅವುಗಳ ವಿನ್ಯಾಸ ಕಾಲ್ವಿಲ್ ಅವರದೇ. 1 ಸೆಂಟಿಗೆ ಪಾರಿವಾಳ, 5ಕ್ಕೆ ಮೊಲ, 25ಕ್ಕೆ ಕಾಡುಬೆಕ್ಕು, 50ಕ್ಕೆ ತೋಳ, ಡಾಲರಿಗೆ ಹೆಬ್ಬಾತು. 10 ಸೆಂಟಿನಿಂದ ಆ ಒಂದು ವರ್ಷ ಬ್ಲೂನೋಸನ್ನು ಇಳಿಸಿ ಮೀನೊಂದನ್ನು ಇಟ್ಟಿದ್ದರು. ಅಮ್ಮ ಕನ್ನಡಕ ಏರಿಸಿ ನೋಡಿ, "ಬಂಗುಡೆ!" ಎಂದರು, ಅಂಗಡಿಯವರು ತಿರುಗಿ ನೋಡುವಷ್ಟು ಜೋರಾಗಿ. ಹೌದು, ಅದು ಇಲ್ಲಿಯ ಬಂಗುಡೆ, ನಮ್ಮದರ ಹತ್ತಿರದ ಬಳಗ. ರಾಜ, ರಾಣಿ, ಹಡಗುಗಳ ನಡುವೆ ಪೇಟೆಯ ಮೀನನ್ನು ದುಡ್ಡಿನ ಮೇಲೆ ತಂದು ಕೂರಿಸಿದವರ ಬಗ್ಗೆ ಅಮ್ಮನಿಗೆ ಆ ಕ್ಷಣದಿಂದ ಗೌರವ ಹುಟ್ಟಿತು. ಆ ನಾಣ್ಯವನ್ನು ಕೊಂಡು ಸೀರೆಯ ಸೆರಗಿನಲ್ಲಿ ಗಂಟು ಹಾಕಿಕೊಂಡರು.

ನಾಲ್ಕನೆಯ ದಿನ: ಡಿಗ್ಬಿ, ಮಾರ್ಷಲ್‌ಟೌನ್

ಡಿಗ್ಬಿಯಲ್ಲಿ ಸ್ಕ್ಯಾಲಪ್ ಎಂಬ ಚಿಪ್ಪುಜೀವಿಯನ್ನು ಹಿಡಿಯುವ ದೋಣಿಗಳ ಸಾಲನ್ನು ನೋಡಿ, ಊಟ ಮಾಡಿ, ಮಾರ್ಷಲ್‌ಟೌನ್‌ಗೆ ಹೊರಟೆವು. ಮೌಡ್ ಅವರ ಮನೆ ನಿಂತಿದ್ದ ಜಾಗ ಅಲ್ಲಿದೆ. 1979ರಲ್ಲಿ ಗಂಡ ಎವರೆಟ್ ಲೂಯಿಸ್ ಆ ಮನೆಯಲ್ಲೇ ಕಳ್ಳನ ಕೈಯಲ್ಲಿ ಕೊಲೆಯಾದ ಮೇಲೆ ಮನೆ ಮಳೆಗಾಳಿಗೆ ಸಿಕ್ಕಿತು. ಡಿಗ್ಬಿಯ ಜನ ಸಂಘ ಕಟ್ಟಿಕೊಂಡು ಅದನ್ನು ಉಳಿಸಲು ಹೆಣಗಿದರು. 1984ರಲ್ಲಿ ಪ್ರಾಂತ್ಯದ ಸರ್ಕಾರ ಕೊಂಡಿತು, ಕೊನೆಗೆ ಅದು ಹ್ಯಾಲಿಫ್ಯಾಕ್ಸ್‌ನ ಗ್ಯಾಲರಿ ಸೇರಿತು. ಈಗ ಇಲ್ಲಿ ನಿಂತಿರುವುದು ವಾಸ್ತುಶಿಲ್ಪಿ ಬ್ರಯನ್ ಮಕೈ ಲಯನ್ಸ್ ರಚಿಸಿದ ಉಕ್ಕಿನ ಚೌಕಟ್ಟು, ಮನೆಯ ಅಳತೆಯದೇ. ಬಣ್ಣವಿಲ್ಲ, ಹೂವಿಲ್ಲ. ಒಳಗೆ ನಿಂತರೆ ಗಾಳಿ ಈ ಕಡೆಯಿಂದ ಬಂದು ಆ ಕಡೆ ಹೋಗುತ್ತದೆ.

ಇಲ್ಲಿಗೆ ಬಂದ ಮೇಲೆ ನನಗೆ ಕಂಡದ್ದು ಪಕ್ಕದ ಜಾಗ. ಅಲ್ಲಿತ್ತು ಬಡವರ ಆಶ್ರಮ. ಆ ಕಾಲದಲ್ಲಿ ನೋವಾ ಸ್ಕೋಷಿಯಾದ ಜಿಲ್ಲೆಗಳು ಗತಿಯಿಲ್ಲದ ಮುದುಕರನ್ನೂ, ರೋಗಿಗಳನ್ನೂ, ಬುದ್ಧಿಮಾಂದ್ಯರನ್ನೂ, ಅನಾಥ ಮಕ್ಕಳನ್ನೂ ಒಂದೇ ಸೂರಿನಡಿ ಹಾಕಿ, ಕೈಲಾದವರಿಂದ ಹೊಲದ ಕೆಲಸ ಮಾಡಿಸುತ್ತಿದ್ದವು. ಮನೆ ಮನೆಗೆ ಮೀನು ಮಾರುತ್ತಿದ್ದ ಎವರೆಟ್ ಬಾಲ್ಯದಲ್ಲಿ ಅದರೊಳಗೆ ಇದ್ದವರು. ಮದುವೆಯಾದ ಮರುವರ್ಷ, 1939ರಿಂದ, ಅದೇ ಆಶ್ರಮಕ್ಕೆ ರಾತ್ರಿ ಕಾವಲುಗಾರರಾದರು. ಅಂದರೆ ಮೌಡ್ ವರ್ಷಾನುವರ್ಷ ಬಡತನದ ಆ ಕಟ್ಟಡದ ನೆರೆಮನೆಯವರಾಗಿದ್ದರು. ತಂದೆ 1935ರಲ್ಲಿ, ತಾಯಿ 1937ರಲ್ಲಿ ಹೋದ ಮೇಲೆ ಅವರಿಗೆ ಉಳಿದಿದ್ದ ಆಸರೆ ಡಿಗ್ಬಿಯ ಚಿಕ್ಕಮ್ಮನ ಮನೆ ಒಂದೇ. ಮದುವೆಯೂ ಇಲ್ಲದಿದ್ದರೆ ಆ ಕಟ್ಟಡದ ಬಾಗಿಲು ತಮಗೂ ತೆರೆದೀತು ಎಂದು ಅವರಿಗೆ ತಿಳಿಯದೇ ಇದ್ದೀತೇ?

ಅವರ ಚಿತ್ರಗಳಲ್ಲಿ ಆ ಕಟ್ಟಡವನ್ನು ನಾನು ಎಲ್ಲೂ ಕಂಡಿಲ್ಲ. ಕಂಡದ್ದು ಎತ್ತಿನ ಜೋಡಿ, ಮೂರು ಕರಿ ಬೆಕ್ಕು, ಜಾರುಬಂಡಿ, ಕಮ್ಮಾರಸಾಲೆ, ಹಡಗುಕಟ್ಟೆ. ಹಿಮ ಬಿದ್ದಿದೆ, ಆದರೂ ಮರದ ಮೇಲೆ ಕೆಂಪೆಲೆಗಳಿವೆ. ಹಲವು ಚಿತ್ರಗಳಲ್ಲಿ ನೆರಳೇ ಇಲ್ಲ. ಇದನ್ನು ಮುಗ್ಧತೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಿಟಕಿಯಾಚೆ ಏನಿದೆ ಎಂದು ಗೊತ್ತಿದ್ದೇ ಅವರು ಕಿಟಕಿಯ ಗಾಜಿನ ಮೇಲೆ ಟ್ಯುಲಿಪ್ ಬರೆದರು.

ಅಮ್ಮ ಮೊಬೈಲಿನಲ್ಲಿ ಎತ್ತುಗಳ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿದ್ದರು. "ನೊಗ ಹೆಗಲ ಮೇಲಿಲ್ಲ, ಕೊಂಬಿಗೆ ಕಟ್ಟಿದ್ದಾರೆ." ಲೂನೆನ್‌ಬರ್ಗಿನ ಕಡೆಯ ಈ ಕರಾವಳಿಯಲ್ಲಿ ತಲೆನೊಗವೇ ರೂಢಿ, ಕೊಂಬಿಗೂ ಹಣೆಗೂ ಬಿಗಿದು ಕಟ್ಟುವುದು. ಟ್ರ್ಯಾಕ್ಟರ್ ಬಂದು ಎತ್ತುಗಳು ಮರೆಯಾಗುತ್ತಿದ್ದ ಕಾಲದಲ್ಲಿ ಕೂತು ಮೌಡ್ ಆ ನೊಗವನ್ನೂ ಗಂಟೆಗಳನ್ನೂ ನೆನಪಿನಿಂದ ಬರೆದಿಟ್ಟಿದ್ದಾರೆ.

ಸಂಜೆ ನಾರ್ತ್ ರೇಂಜ್‌ನ ಸ್ಮಶಾನಕ್ಕೆ ಹೋದೆವು. ಲೂಯಿಸ್ ಮನೆತನದ ಕಲ್ಲಿನ ಮೇಲೆ, ಎಲ್ಲರ ಹೆಸರಿನ ಕೆಳಗೆ, ತವರಿನ ಹೆಸರಿನಲ್ಲೇ 'ಮೌಡ್ ಡೌಲಿ' ಎಂದಿದೆ. ಅವರನ್ನು ಮಕ್ಕಳ ಶವಪೆಟ್ಟಿಗೆಯಲ್ಲಿ ಹೂಳಿದರಂತೆ, ಅಷ್ಟು ಸಣ್ಣ ದೇಹ. ಅಮ್ಮ ತಮ್ಮ ಬೆರಳ ಗಂಟುಗಳನ್ನು ಒತ್ತಿಕೊಳ್ಳುತ್ತಾ ನಿಂತಿದ್ದರು. ಅವರಿಗೂ ಈಚೆಗೆ ಬೆಳಗಿನ ಹೊತ್ತು ಮುಷ್ಟಿ ಬಿಗಿಯಾಗುತ್ತದೆ. ಏನೂ ಮಾತಾಡಲಿಲ್ಲ.

ಐದನೆಯ ದಿನ: ಸೌತ್ ಒಹಾಯೊ

ಯಾರ್ಮತ್ ಕಡೆಗಿನ ದಾರಿ ಸೇಂಟ್ ಮೇರಿ ಕೊಲ್ಲಿಯ ಅಂಚಿನಲ್ಲಿ ಸಾಗುತ್ತದೆ. ಗಡೀಪಾರಾದವರಲ್ಲಿ ಮರಳಿ ಬಂದವರು ನೆಲೆಯೂರಿದ್ದು ಇಲ್ಲಿ. ಗ್ರಾಂ ಪ್ರೇಯ ಗದ್ದೆಗಳು ಆಗಲೇ ಬೇರೆಯವರ ಪಾಲಾಗಿದ್ದವು. ಮೈಲಿಗಟ್ಟಲೆ ಮನೆಗಳ ಮುಂದೆ ನೀಲಿ, ಬಿಳಿ, ಕೆಂಪು ಬಾವುಟ, ನೀಲಿಯ ಮೇಲೆ ಹಳದಿ ನಕ್ಷತ್ರ. "ಒಡ್ಡು ಕಟ್ಟಿದವರು ಇಲ್ಲಿದ್ದಾರೆ, ಅಮ್ಮ," ಎಂದೆ. ಅವರು ಗಾಜು ಇಳಿಸಿ ಹೊರಗೆ ನೋಡುತ್ತಾ ಕೂತರು.

ಸೌತ್ ಒಹಾಯೊ ಯಾರ್ಮತ್ ಹತ್ತಿರದ ಹಳ್ಳಿ. ಮೌಡ್ ಹುಟ್ಟಿದ್ದು ಇಲ್ಲಿ. ತಂದೆ ಜಾನ್ ಡೌಲಿ ಕಮ್ಮಾರರು, ಕುದುರೆಯ ಸಜ್ಜು ಹೊಲಿಯುವವರು. ತಾಯಿ ಆಗ್ನೆಸ್ ಮಗಳಿಗೆ ಕ್ರಿಸ್‌ಮಸ್ ಕಾರ್ಡುಗಳಿಗೆ ಬಣ್ಣ ಹಾಕುವುದನ್ನು ಕಲಿಸಿದರು. ಬೆರಳುಗಳು ಇನ್ನೂ ನೆಟ್ಟಗಿದ್ದ ಕಾಲ ಅದು. ನೋಡುವಂಥದ್ದು ಅಲ್ಲಿ ಏನೂ ಇಲ್ಲ: ರಸ್ತೆ, ಮರ, ದೂರ ದೂರ ಮನೆ. ಗಾಡಿ ಬದಿಗೆ ನಿಲ್ಲಿಸಿ ಕಟ್ಟಿಸಿಕೊಂಡು ಬಂದಿದ್ದ ಊಟ ಬಿಚ್ಚಿದೆವು.

"ಕಮ್ಮಾರಸಾಲೆ ಎಲ್ಲಿತ್ತಂತೆ?" ಎಂದರು ಅಮ್ಮ.

ಮೊಬೈಲಿನಲ್ಲಿ ಮೌಡ್ ಬರೆದ ಕಮ್ಮಾರಸಾಲೆಯ ಚಿತ್ರ ತೆರೆದು ಅವರ ಕೈಗೆ ಕೊಟ್ಟೆ. ಅಮ್ಮ ಅದನ್ನು ಎತ್ತಿ ಹಿಡಿದು, ಒಮ್ಮೆ ರಸ್ತೆಯ ಈ ಬದಿ, ಒಮ್ಮೆ ಆ ಬದಿ ನೋಡುತ್ತಾ, ಕೊನೆಗೆ ಒಂದು ಮೇಪಲ್ ಮರದ ಕೆಳಗಿನ ಖಾಲಿ ಜಾಗದ ಕಡೆ ತೋರಿಸಿದರು. "ಅಲ್ಲಿ ಇಡೋಣ," ಎಂದರು. ಮರದ ಒಂದು ಕೊಂಬೆ ಆಗಲೇ ಕೆಂಪಾಗಿತ್ತು.